ಹಳೇ ಫ್ಲ್ಯಾಟು, ಹೊಸ ಬಣ್ಣ, ಲಾಭದ ಲೆಕ್ಕ

ಠಾಣೆಯಲ್ಲಿ ತೆರಿಗೆ ಸಲಹೆಗಾರಳಾಗಿ ಕೂತು ಹದಿನೆಂಟು ವರ್ಷವಾಯಿತು. ಮೊದಲೆಲ್ಲ ನಮ್ಮ ಕಡೆಯವರು ರಿಟರ್ನ್ ತುಂಬಿಸಲು ಬಂದರೆ ಊರಿನ ಮಳೆ, ಮಗಳ ಮದುವೆಯ ಮಾತು ಆಡುತ್ತಿದ್ದರು. ಇತ್ತೀಚೆಗೆ ಬೇರೆಯದೇ ಪ್ರಶ್ನೆ. ‘ಅಕ್ಕಾರ, ಒಂದು ಹಳೇ ಒನ್ ಬಿಎಚ್‌ಕೆ ನೋಡೇನಿ. ಟೈಲ್ಸ್, ಪಿಒಪಿ, ಕಿಚನ್ ಹೊಸದು ಮಾಡಿಸಿ ವರ್ಷದಾಗ ಮಾರಿದ್ರ ಹತ್ತು ಲಕ್ಷ ಉಳೀತೈತಿ ಅಲ್ರೀ?’

ಅಮೆರಿಕದವರು ಇದಕ್ಕೆ ಫ್ಲಿಪ್ಪಿಂಗ್ ಅನ್ನುತ್ತಾರೆ. ಅಲ್ಲಿನ ಟಿವಿ ಕಾರ್ಯಕ್ರಮಗಳಲ್ಲಿ ಅರ್ಧ ಗಂಟೆಯಲ್ಲಿ ಪಾಳು ಮನೆ ಅರಮನೆಯಾಗಿ, ಲಾಭ ಪರದೆಯ ಮೇಲೆ ಮಿಂಚುತ್ತದೆ. ನಮ್ಮ ಊರಿನ ಲೆಕ್ಕ ಬೇರೆ. ನಾನು ಕಾಗದ ಪೆನ್ನು ಕೊಟ್ಟು ಎದುರಿಗೇ ಬರೆಸುತ್ತೇನೆ.

ಉದಾಹರಣೆಗೆ, ಠಾಣೆಯಲ್ಲಿ 60 ಲಕ್ಷದ ಫ್ಲ್ಯಾಟ್. ಶೇಕಡಾ 7ರ ಸ್ಟ್ಯಾಂಪ್ ಡ್ಯೂಟಿ 4.20 ಲಕ್ಷ. ನೋಂದಣಿ 30 ಸಾವಿರ. ಸೊಸೈಟಿಯ ವರ್ಗಾವಣೆ ಶುಲ್ಕ 25 ಸಾವಿರದವರೆಗೆ. ಏಜೆಂಟನಿಗೆ ಶೇಕಡಾ 1 ಅಂದರೂ 60 ಸಾವಿರ. ಬೀಗದ ಕೈ ಸಿಗುವ ಮುಂಚೆಯೇ 5.35 ಲಕ್ಷ ಹೋಯಿತು. ರಿಪೇರಿಗೆ 5 ಲಕ್ಷ ಇಡಿ. 45 ಲಕ್ಷ ಸಾಲಕ್ಕೆ ಶೇಕಡಾ 9ರಂತೆ ವರ್ಷದ ಬಡ್ಡಿ ಸುಮಾರು 4 ಲಕ್ಷ. ಖಾಲಿ ಮನೆಯ ಮೇಂಟೆನೆನ್ಸ್ 36 ಸಾವಿರ, ಮಾರುವಾಗ ಏಜೆಂಟನಿಗೆ ಮತ್ತೆ 75 ಸಾವಿರ. ಒಟ್ಟು ಹದಿನೈದೂವರೆ ಲಕ್ಷದ ಹತ್ತಿರ. 75 ಲಕ್ಷಕ್ಕೆ ಮಾರಿದರೂ ಕೈಯಿಂದಲೇ ಸುಮಾರು ಐವತ್ತು ಸಾವಿರ ಹೋಗುತ್ತದೆ.

ಅದಕ್ಕಿಂತ ಮೇಲೆ ಉಳಿದರೆ ತೆರಿಗೆ. 24 ತಿಂಗಳೊಳಗೆ ಮಾರಿದರೆ ಲಾಭ ನಿಮ್ಮ ಸಂಬಳದ ಜೊತೆ ಸೇರಿ ಸ್ಲ್ಯಾಬ್ ಪ್ರಕಾರ ತೆರಿಗೆಗೆ ಬೀಳುತ್ತದೆ. ಇದನ್ನೇ ಮೇಲಿಂದ ಮೇಲೆ ಮಾಡುತ್ತಿದ್ದರೆ ವ್ಯಾಪಾರದ ಆದಾಯ ಎಂದೂ ಇಲಾಖೆ ಹೇಳಬಹುದು. 24 ತಿಂಗಳು ದಾಟಿಸಿದರೆ ಶೇಕಡಾ 12.5, ಆದರೆ ಬಡ್ಡಿ ಅಷ್ಟು ದಿನ ಕಾಯುವುದಿಲ್ಲ. ಹೊಸ ಕಿಚನ್, ಹೊಸ ಪ್ಲಂಬಿಂಗ್ ಖರ್ಚನ್ನು ಲಾಭದಲ್ಲಿ ಕಳೆಯಬೇಕಾದರೆ ಬಿಲ್ ಬೇಕು. ಕೂಲಿಯವರಿಗೆ ನಗದು ಕೊಟ್ಟು ಚೀಟಿ ಇಲ್ಲದಿದ್ದರೆ ನಾನೂ ಏನೂ ಮಾಡಲಾರೆ.

ಹಾಗಾದರೆ ಲಾಭ ಮಾಡಿದವರೇ ಇಲ್ಲವೇ? ಇದ್ದಾರೆ. ಅವರ ಫೈಲುಗಳನ್ನು ನೋಡಿದ್ದೇನೆ. ಅವರು ದುಡ್ಡು ಮಾಡಿದ್ದು ಮಾರುವಾಗ ಅಲ್ಲ, ಕೊಳ್ಳುವಾಗ. ಪೇಟೆ ಬೆಲೆಗಿಂತ ಹತ್ತು, ಹದಿನೈದು ಲಕ್ಷ ಕಡಿಮೆಗೆ ಸಿಕ್ಕ ಮನೆ ಅದು. ಅಷ್ಟು ಕಡಿಮೆಗೆ ಯಾರಾದರೂ ಏಕೆ ಕೊಟ್ಟಾರು? ಬಹಳ ಸಲ ಉತ್ತರ ಒಂದೇ: ಕಾಗದ ಸರಿ ಇಲ್ಲ.

ಎರಡು ವರ್ಷದ ಹಿಂದೆ ನನ್ನ ತಂಗಿಯ ಮಗ ಇಂಥದ್ದೊಂದು ಮನೆ ಹುಡುಕಿದ. ವಿಜಯಪುರ ಕಡೆಯ ಅಜ್ಜಿ. ಯಜಮಾನರು ವಾಗಳೆ ಎಸ್ಟೇಟಿನ ಕಾರ್ಖಾನೆಯಲ್ಲಿದ್ದವರು, ತೀರಿಕೊಂಡು ಆರು ವರ್ಷ. ಶೇರ್ ಸರ್ಟಿಫಿಕೇಟ್ ಇನ್ನೂ ಅವರ ಹೆಸರಲ್ಲೇ ಇತ್ತು. ಐವತ್ತು ರೂಪಾಯಿಯ ಐದು ಶೇರುಗಳ, 250 ರೂಪಾಯಿಯ ಆ ಹಾಳೆಯಿಂದಾಗಿ ಏಜೆಂಟರು ಬೆಲೆಯಲ್ಲಿ ಹನ್ನೆರಡು ಲಕ್ಷ ಇಳಿಸಿದ್ದರು. ‘ದೊಡ್ಡಮ್ಮ, ಅರ್ಧ ದುಡ್ಡು ನೀನು ಹಾಕು. ಕಾಗದ ನೀನೇ ಸರಿ ಮಾಡಿಸ್ತೀಯಲ್ಲ, ನಾ ಬಣ್ಣ ಟೈಲ್ಸ್ ನೋಡ್ತೀನಿ’ ಅಂದ.

ಅಜ್ಜಿಯ ಮನೆಗೆ ಹೋದೆ. ಕನ್ನಡದವಳು ಅಂತ ಗೊತ್ತಾದ ಮೇಲೆ ಅವರು ಇಡೀ ಫೈಲನ್ನೇ ನನ್ನ ಕೈಗಿಟ್ಟರು. ‘ನಾಮಿನಿ ನಾನೇ ಅದೀನಿ, ಆದ್ರೂ ಮಾರಾಕ ಬರಂಗಿಲ್ಲ ಅಂತಾರವ್ವಾ’ ಅಂದರು. ನಾಮಿನಿ ಎಂದ ಮಾತ್ರಕ್ಕೆ ಪೂರ್ತಿ ಮಾಲೀಕರಲ್ಲ, ಮಕ್ಕಳಿಗೂ ಪಾಲಿರುತ್ತದೆ. ಸೊಲ್ಲಾಪುರದ ಮಗಳು, ಮಸ್ಕತ್‌ನ ಮಗ ಹಕ್ಕುಬಿಡುಗಡೆ ಪತ್ರ ನೋಂದಾಯಿಸಿಕೊಟ್ಟು, ಸೊಸೈಟಿ ಇವರ ಹೆಸರಿಗೆ ಸರ್ಟಿಫಿಕೇಟ್ ಬದಲಿಸಿದರೆ ಮುಗಿಯಿತು. ಕೆಲವು ತಿಂಗಳ ಓಡಾಟ, ಹನ್ನೆರಡು ಲಕ್ಷದ ಮುಂದೆ ಲೆಕ್ಕಕ್ಕೇ ಬಾರದ ಖರ್ಚು. ಅಲ್ಲೇ ಕೂತು ಒಂದು ಹಾಳೆಯಲ್ಲಿ ಬರೆದುಕೊಟ್ಟೆ.

ಆ ಮನೆ ನಮಗೆ ಸಿಗಲಿಲ್ಲ. ಮಗ ರಜೆಗೆ ಬಂದಾಗ ಕಾಗದ ಮುಗಿಸಿ, ವಾಸಕ್ಕೆ ಬೇಕಾದ ಒಬ್ಬರಿಗೆ ಪೂರ್ತಿ ಬೆಲೆಗೆ ಮಾರಿದರು. ತಂಗಿಯ ಮಗ ಎರಡು ತಿಂಗಳು ಫೋನ್ ಎತ್ತಲಿಲ್ಲ. ‘ವ್ಯಾಪಾರ ಅಂದ್ಮೇಲೆ ಇದೆಲ್ಲ ಇರೋದೇ’ ಎಂಬ ಅವನ ಮಾತು ಸುಳ್ಳಲ್ಲ. ಸೋರುವ ಬಚ್ಚಲು, ಕೆಟ್ಟ ವೈರಿಂಗ್ ಸರಿಮಾಡಿ ಗಳಿಸಿದ ಲಾಭ ದುಡಿಮೆಯ ಲಾಭ. ಅದರ ಬಗ್ಗೆ ನನ್ನ ತಕರಾರಿಲ್ಲ. ಎದುರಿನವರಿಗೆ ಗೊತ್ತಿಲ್ಲದ್ದು ನಮಗೆ ಗೊತ್ತಿದೆ ಎಂಬುದಷ್ಟರಿಂದಲೇ ಬರುವ ಹನ್ನೆರಡು ಲಕ್ಷ ನನಗೆ ಒಗ್ಗಲಿಲ್ಲ.

ಕೊಳ್ಳುವವರಿಗೂ ಒಂದು ಮಾತು. ಮೇಲೆ ಥಳಕು ಒಳಗೆ ಹುಳುಕು ಎಂಬ ಗಾದೆ ಹುಟ್ಟಿದ್ದು ಇಂಥ ಫ್ಲ್ಯಾಟ್ ನೋಡಿಯೇ ಇರಬೇಕು. ಹೊಸ ಪಿಒಪಿ ಕಂಡರೆ ಮೇಲಿನ ಮನೆಯ ಬಚ್ಚಲು ಎಲ್ಲಿ ಬರುತ್ತದೆ ಕೇಳಿ. ಸಾಧ್ಯವಾದರೆ ಜುಲೈ ಮಳೆಯಲ್ಲಿ ಹೋಗಿ ನೋಡಿ. ಗೋಡೆ ಒಡೆದು ಹಾಲ್ ದೊಡ್ಡದು ಮಾಡಿದ್ದರೆ ಸೊಸೈಟಿಯ ಅನುಮತಿ ಪತ್ರ ಕೇಳಿ. ಮೂವತ್ತು ವರ್ಷ ದಾಟಿದ ಕಟ್ಟಡಕ್ಕೆ ಇಲ್ಲಿನ ಮಾದರಿ ಬೈಲಾ ಪ್ರಕಾರ ಮೂರು ವರ್ಷಕ್ಕೊಮ್ಮೆ ಸ್ಟ್ರಕ್ಚರಲ್ ಆಡಿಟ್ ಆಗಬೇಕು. ಆ ವರದಿ ತೋರಿಸಿ ಅನ್ನಿ.

ನಮ್ಮ ತಂದೆ ತಾಯಿ ಕಾರ್ಖಾನೆ, ಹೋಟೆಲು, ಬ್ಯಾಂಕುಗಳಲ್ಲಿ ದುಡಿದು ಕೊಂಡ ಒಂದೊಂದು ಕೋಣೆಯ ಮನೆಗಳು ಡೊಂಬಿವ್ಲಿ, ಠಾಣೆ, ಪುಣೆಯಲ್ಲಿ ಇನ್ನೂ ಇವೆ. ಮಾರುವ ಯೋಚನೆ ಇರಲಿ ಬಿಡಲಿ, ಈ ಭಾನುವಾರ ಕಪಾಟು ತೆರೆದು ಶೇರ್ ಸರ್ಟಿಫಿಕೇಟ್ ಯಾರ ಹೆಸರಲ್ಲಿದೆ, ಮೊದಲ ಅಗ್ರಿಮೆಂಟ್ ಎಲ್ಲಿದೆ ನೋಡಿಡಿ. ಆ ಕೆಲಸ ನೀವು ಮಾಡದಿದ್ದರೆ, ಅದರ ಲಾಭ ಲೆಕ್ಕ ಹಾಕುವವರು ಬೇರೆ ಯಾರೋ ಇರುತ್ತಾರೆ.