ಅರಮನೆಯೊಳಗೆ ಒಕ್ಕಲಾದ ಊರು

ಸ್ಪ್ಲಿಟ್‌ನಲ್ಲಿ ಅರಮನೆ ಎಲ್ಲಿದೆ ಎಂದು ಯಾರನ್ನಾದರೂ ಕೇಳಿದರೆ ನಗುತ್ತಾರೆ, ಏಕೆಂದರೆ ಕೇಳುವವರು ಆಗಲೇ ಅದರೊಳಗೆ ನಿಂತಿರುತ್ತಾರೆ. ಕ್ರೊಯೇಷಿಯಾದ ಈ ಕಡಲೂರಿನ ದಂಡೆಯಲ್ಲಿ ರೀವಾ ಎಂಬ ಅಡ್ಡಾಡುವ ಬೀದಿ. ತಾಳೆಮರಗಳ ಹಿಂದೆ ಕಾಫಿ ಅಂಗಡಿಗಳು, ಮೇಲೆ ಮನೆಗಳು, ಕಿಟಕಿಯಾಚೆ ಒಣಹಾಕಿದ ಬಟ್ಟೆ. ಆ ಕಿಟಕಿಗಳ ನಡುವೆ ಅರ್ಧ ಹುದುಗಿದ ಕಂಬಗಳು ಕಣ್ಣಿಗೆ ಬಿದ್ದಾಗಲೇ ಗೊತ್ತಾಗುವುದು, ಈ ಸಾಲು ರೋಮನ್ ಚಕ್ರವರ್ತಿ ಡಯೊಕ್ಲೀಷಿಯನ್‌ನ ಅರಮನೆಯ ದಕ್ಷಿಣದ ಗೋಡೆ ಎಂದು. ಹಿಂದೆ ಅಲೆಗಳು ಇದರ ಬುಡಕ್ಕೇ ಬಡಿಯುತ್ತಿದ್ದವು.

ಡಯೊಕ್ಲೀಷಿಯನ್ ಈ ಸೀಮೆಯವನೇ. ಬಡ ಮನೆತನದಲ್ಲಿ ಹುಟ್ಟಿ, ಸೈನ್ಯ ಸೇರಿ, 284ರಲ್ಲಿ ಸಿಂಹಾಸನವೇರಿದ. 305ರಲ್ಲಿ ತಾನಾಗಿಯೇ ಕೆಳಗಿಳಿದು ಹುಟ್ಟೂರಿನ ಕಡಲಿಗೆ ಮರಳಿದ. ಮತ್ತೆ ಅಧಿಕಾರ ವಹಿಸಿಕೊಳ್ಳುವಂತೆ ಕರೆ ಬಂದಾಗ, ನಾನು ನೆಟ್ಟ ಎಲೆಕೋಸು ನೋಡಿದ್ದರೆ ನೀವು ಹೀಗೆ ಕೇಳುತ್ತಿರಲಿಲ್ಲ ಎಂಬರ್ಥದ ಉತ್ತರ ಕೊಟ್ಟನೆಂಬ ಕಥೆ ಹಳೆಯ ಬರಹಗಳಲ್ಲಿದೆ. ಕೋಸಿನ ತೋಟಕ್ಕೆ ಬೇಲಿ ಮಾತ್ರ ಭರ್ಜರಿ: ಒಂದೊಂದು ಬದಿಯೂ ಸುಮಾರು 200 ಮೀಟರ್ ಉದ್ದದ ಕೋಟೆ. ಎದುರಿನ ಬ್ರಾಚ್ ದ್ವೀಪದಿಂದ ಬಿಳಿಗಲ್ಲು ಬಂತು, ಈಜಿಪ್ಟಿನಿಂದ ಗ್ರಾನೈಟ್ ಕಂಬಗಳೂ ಸ್ಫಿಂಕ್ಸ್‌ಗಳೂ ಬಂದವು. ಪೆರಿಸ್ಟೈಲ್ ಎಂಬ ಕಂಬಗಳ ಅಂಗಳದಲ್ಲಿ ಕರಿಕಲ್ಲಿನ ಸ್ಫಿಂಕ್ಸ್ ಒಂದು ಇಂದಿಗೂ ಕೂತಿದೆ. ಅರಮನೆ ಕಟ್ಟುವ ಹೊತ್ತಿಗೇ ಅದಕ್ಕೆ ಒಂದೂವರೆ ಸಾವಿರ ವರ್ಷ ದಾಟಿತ್ತು.

ನನಗೆ ಚಕ್ರವರ್ತಿಗಿಂತ ಅವನ ನಂತರ ಬಂದವರ ಕಥೆಯೇ ಹೆಚ್ಚು ಹಿಡಿಸಿತು. ಪಕ್ಕದಲ್ಲೇ ಸಲೋನಾ ಎಂಬ ದೊಡ್ಡ ನಗರವಿತ್ತು, ಡಾಲ್ಮೇಷಿಯಾ ಪ್ರಾಂತ್ಯದ ರಾಜಧಾನಿ. ಏಳನೆಯ ಶತಮಾನದಲ್ಲಿ ಅವಾರ್ ಮತ್ತು ಸ್ಲಾವ್ ಜನಾಂಗಗಳ ದಾಳಿಗೆ ಅದು ಹಾಳಾಯಿತು. ಜೀವ ಉಳಿಸಿಕೊಂಡವರಲ್ಲಿ ಹಲವರು ಬಂದು ಸೇರಿದ್ದು ಈ ಕೋಟೆಯನ್ನು. ಕಂಬಗಳ ನಡುವೆ ಗೋಡೆ ಎಬ್ಬಿಸಿದರು, ಹಜಾರಗಳನ್ನು ಮನೆಗಳಾಗಿ ಒಡೆದರು, ಜುಪಿಟರ್ ಗುಡಿಯನ್ನು ದೀಕ್ಷಾಸ್ನಾನದ ಮಂದಿರ ಮಾಡಿಕೊಂಡರು. ಚಕ್ರವರ್ತಿ ತನಗಾಗಿ ಕಟ್ಟಿಸಿದ ಎಂಟು ಮೂಲೆಯ ಸಮಾಧಿಯನ್ನು ಚರ್ಚ್ ಮಾಡಿದರು. ಅದೂ ಯಾರ ಹೆಸರಿನಲ್ಲಿ? ಸಲೋನಾದ ಬಿಷಪ್ ಡೋಮ್ನಿಯಸ್ ಹೆಸರಿನಲ್ಲಿ. ಕ್ರೈಸ್ತರ ಮೇಲೆ ಡಯೊಕ್ಲೀಷಿಯನ್ ಹೂಡಿದ ದಮನದಲ್ಲಿ ಪ್ರಾಣ ಬಿಟ್ಟವನು ಅವನು. ಇಂದು ಅವನೇ ಊರಿನ ರಕ್ಷಕ ಸಂತ. ಚಕ್ರವರ್ತಿಯ ಶವಪೆಟ್ಟಿಗೆ ಎಲ್ಲಿ ಹೋಯಿತೋ ಸುಳಿವಿಲ್ಲ. ಇಂಥ ಸೇಡನ್ನು ಯಾವ ನಾಟಕಕಾರ ಬರೆದಿದ್ದರೂ ಅತಿಯಾಯಿತು ಎನ್ನುತ್ತಿದ್ದೆವು.

ಮೆಟ್ಟಿಲಿಳಿದು ನೆಲಮಾಳಿಗೆಗೆ ಹೋದರೆ ತಣ್ಣನೆಯ ಕಲ್ಲಿನ ಹಜಾರಗಳು, ದಪ್ಪ ಕಂಬಗಳು, ತೇವದ ವಾಸನೆ. ‘ಗೇಮ್ ಆಫ್ ಥ್ರೋನ್ಸ್’ ಟಿವಿ ಧಾರಾವಾಹಿಯ ಚಿತ್ರೀಕರಣ ಇಲ್ಲಿ ನಡೆದಿದ್ದರಿಂದ ಡ್ರ್ಯಾಗನ್ ಹುಡುಕಿಕೊಂಡು ಬರುವವರೇ ಜಾಸ್ತಿ. ನಿಜವಾದ ವಿಸ್ಮಯ ಬೇರೆ. ಚಕ್ರವರ್ತಿಯ ಕೋಣೆಗಳು ಮೇಲಂತಸ್ತಿನಲ್ಲಿದ್ದವು, ಅವು ಬಹುಪಾಲು ಅಳಿದಿವೆ. ಅವನ್ನು ಹೊತ್ತಿದ್ದ ಈ ನೆಲಮಾಳಿಗೆಯ ವಿನ್ಯಾಸವೂ ಅದೇ. ಮೇಲಿನ ಮನೆಗಳವರು ಶತಮಾನಗಳ ಕಾಲ ನೆಲಕ್ಕೆ ತೂತು ಕೊರೆದು ಕಸವನ್ನೂ ಹೊಲಸನ್ನೂ ಇಲ್ಲಿಗೇ ಸುರಿದರು. ಕಸ ತುಂಬಿ ಗಟ್ಟಿಯಾಗಿ ಕಮಾನುಗಳನ್ನು ಆತುಕೊಂಡಿತು. ಇಪ್ಪತ್ತನೆಯ ಶತಮಾನದಲ್ಲಿ ಅದನ್ನು ತೆಗೆದಾಗ ಕಳೆದುಹೋದ ಕೋಣೆಗಳ ನಕ್ಷೆ ಸಿಕ್ಕಿತು.

1757ರಲ್ಲಿ ರಾಬರ್ಟ್ ಆಡಮ್ ಎಂಬ ಸ್ಕಾಟಿಷ್ ವಾಸ್ತುಶಿಲ್ಪಿ ಇಲ್ಲಿ ಅಳತೆ ತೆಗೆಯಲು ಬಂದ. ಆಗ ಊರು ವೆನಿಸ್‌ನ ಕೈಯಲ್ಲಿತ್ತು. ಕೋಟೆಗೋಡೆ ಅಳೆಯುತ್ತಿದ್ದವನ ಮೇಲೆ ಅಧಿಕಾರಿಗಳು ಗೂಢಚಾರನೆಂದು ಅನುಮಾನಪಟ್ಟರು. ಆದರೂ ಚಿತ್ರಗಳು ಲಂಡನ್ ಸೇರಿ 1764ರಲ್ಲಿ ದೊಡ್ಡ ಪುಸ್ತಕವಾದವು, ಬ್ರಿಟನ್ನಿನ ಶ್ರೀಮಂತರ ಮನೆಗಳ ವಿನ್ಯಾಸಕ್ಕೆ ಮಾದರಿಯಾದವು. 1979ರಲ್ಲಿ ಅರಮನೆ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲಂತೂ ಅದರ ಹೆಸರು ಹರಡಿದ್ದನ್ನು ಕೇಳಬೇಕೆ!

ಆ ಹೆಸರೇ ಈಗ ಊರಿನ ತಲೆನೋವು. ಬೇಸಿಗೆಯಲ್ಲಿ ಹಡಗುಗಳಿಂದಿಳಿಯುವ ಜನ ಗಲ್ಲಿಗಳಲ್ಲಿ ಭುಜಕ್ಕೆ ಭುಜ ಉಜ್ಜಿಕೊಂಡು ಸಾಗುತ್ತಾರೆ. ಗೋಡೆಯೊಳಗಿನ ಮನೆಗಳು ಒಂದೊಂದಾಗಿ ಪ್ರವಾಸಿಗರ ಬಾಡಿಗೆ ಕೋಣೆಗಳಾಗುತ್ತಿವೆ, ನಿವಾಸಿಗಳು ಹೊರಬಡಾವಣೆಗಳಿಗೆ ಹೋಗುತ್ತಿದ್ದಾರೆ. ಜನ ನುಗ್ಗಿ ಬಾಳಿದ್ದರಿಂದ ಉಳಿದ ಅರಮನೆ ಇದು. ಅದಕ್ಕೆ ಸುಣ್ಣಬಣ್ಣ ಬಳಿಯುವವರು ಬಹಳ ಮಂದಿ ಸಿಗಬಹುದು, ಬಟ್ಟೆ ಒಣಹಾಕುವವರೇ ಕಡಿಮೆಯಾಗುತ್ತಿದ್ದಾರೆ.

ಹೋಗುವುದಾದರೆ ಮೇ ತಿಂಗಳ ಮೊದಲ ವಾರ ನೋಡಿ. 7ರಂದು ಡೋಮ್ನಿಯಸ್ ಹಬ್ಬ, ಆ ದಿನ ರೀವಾ ಊರಿನವರದೇ. ಮರುದಿನ ಸಲೋನಾಕ್ಕೂ ಹೋಗಿಬನ್ನಿ, ಕೆಲವೇ ಕಿಲೋಮೀಟರ್ ದೂರ: ಬಯಲರಂಗದ ಬುನಾದಿ, ಮುರಿದ ಶವಪೆಟ್ಟಿಗೆಗಳು, ಆಲಿವ್ ಮರಗಳು. ಅಲ್ಲಿ ಯಾರೂ ಮತ್ತೆ ಒಲೆ ಹಚ್ಚಲಿಲ್ಲ.