ಮೂರು ದರ್ಬಾರುಗಳ ನಡುವೆ ಶಹಾಜಿ ಭೋಸಲೆ

ಮುಂಬಯಿಯಿಂದ ಕಸಾರಾ ಕಡೆಗೆ ಹೋಗುವ ರೈಲು ಆಸನಗಾಂವ್ ನಿಲ್ದಾಣವನ್ನು ಸಮೀಪಿಸುವಾಗ ಕಡಿದಾದ ಬಂಡೆಗಳ ಒಂದು ದೊಡ್ಡ ಬೆಟ್ಟ ಕಾಣಿಸುತ್ತದೆ. ಅದೇ ಮಾಹುಲಿ ದುರ್ಗ. ನಮ್ಮ ವಾಚಕರಲ್ಲಿ ಅನೇಕರು ಅದನ್ನು ನೋಡಿರಬಹುದು. ಕೆಲವರು ಹತ್ತಿಯೂ ಇರಬಹುದು. ಛತ್ರಪತಿ ಶಿವಾಜಿಯ ತಂದೆ ಶಹಾಜಿ ಭೋಸಲೆಯು 1636ರಲ್ಲಿ ಶತ್ರುಗಳಿಗೆ ಶರಣಾದದ್ದು ಈ ದುರ್ಗದಲ್ಲಿ. ಆ ಶರಣಾಗತಿಯೇ ಅವನನ್ನು ಕನ್ನಡ ನಾಡಿಗೆ ತಂದಿತೆಂಬುದನ್ನು ನೆನೆದರೆ, ಮಾಹುಲಿಗೂ ನಮಗೂ ಇರುವ ನಂಟು ತಿಳಿಯುತ್ತದೆ.

ಶಹಾಜಿಯ ಮೇಲೆ ಒಂದು ಆಕ್ಷೇಪವನ್ನು ಆಗಾಗ ಕೇಳುತ್ತೇವೆ. ಅವನು ನಿಜಾಮಶಾಹಿ, ಆದಿಲಶಾಹಿ, ಮೊಗಲ ಎಂಬ ಮೂರು ದರ್ಬಾರುಗಳ ಉಪ್ಪನ್ನೂ ತಿಂದವನು. ಒಬ್ಬ ಒಡೆಯನಲ್ಲಿ ನಿಲ್ಲದವನು ಎಂದು. ಈ ಮಾತು ಎಷ್ಟರ ಮಟ್ಟಿಗೆ ಸರಿ?

ಇದನ್ನು ಅರಿಯಬೇಕಾದರೆ ಆ ಕಾಲದ ಸರದಾರನ ಬಾಳು ಹೇಗಿತ್ತೆಂಬುದನ್ನು ಮೊದಲು ತಿಳಿಯಬೇಕು. ಸರದಾರನು ತಿಂಗಳ ಸಂಬಳದ ನೌಕರನಲ್ಲ. ಸುಲ್ತಾನನು ಅವನಿಗೆ ಕೆಲವು ಪರಗಣೆಗಳ ಕಂದಾಯವನ್ನು ಜಾಗೀರಾಗಿ ಬಿಟ್ಟುಕೊಡುತ್ತಿದ್ದನು. ಆ ಹಣದಿಂದ ಸರದಾರನು ಸವಾರರನ್ನೂ ಕುದುರೆಗಳನ್ನೂ ಸಾಕಿ, ಕರೆ ಬಂದಾಗ ದಂಡಿಗೆ ಹೋಗಬೇಕು. ಸವಾರರು ನಂಬಿದ್ದು ಸುಲ್ತಾನನನ್ನಲ್ಲ, ತಮಗೆ ಅನ್ನವಿಕ್ಕುವ ಸರದಾರನನ್ನು. ಜಾಗೀರು ಕೈಬಿಟ್ಟರೆ ದಂಡು ಚದುರುತ್ತದೆ. ದಂಡು ಚದುರಿದ ಸರದಾರನನ್ನು ಯಾವ ದರ್ಬಾರೂ ಕೇಳುವುದಿಲ್ಲ. ಇತ್ತ ಪಾಟೀಲಿಕೆ, ದೇಶಮುಖಿ ಮೊದಲಾದ ವತನಗಳು ತಲೆಮಾರಿನಿಂದ ಬಂದವು. ಜಾಗೀರು ಅವನನ್ನು ದೊರೆಗೆ ಕಟ್ಟಿದರೆ, ವತನವು ನೆಲಕ್ಕೆ ಕಟ್ಟುತ್ತಿತ್ತು. ದೊರೆ ಬದಲಾದರೂ ನೆಲ ಬದಲಾಗುತ್ತಿರಲಿಲ್ಲ.

ಶಹಾಜಿಯ ತಂದೆ ಮಾಲೋಜಿ ಅಹಮದನಗರದ ನಿಜಾಮಶಾಹಿಯ ಸರದಾರನಾಗಿದ್ದನು. 1624ರ ಭಾತವಡಿಯ ಯುದ್ಧದಲ್ಲಿ ಮಲಿಕ್ ಅಂಬರನು ಮೊಗಲ ಮತ್ತು ಬಿಜಾಪುರದ ಕೂಡುಸೈನ್ಯವನ್ನು ಸೋಲಿಸಿದಾಗ ಶಹಾಜಿ ಅವನ ಪಕ್ಷದಲ್ಲಿ ಹೋರಾಡಿದನು. ಅವನ ತಮ್ಮ ಶರೀಫಜಿ ಆ ರಣದಲ್ಲೇ ಮಡಿದನು. ಆದರೂ ಸ್ವಲ್ಪ ಕಾಲದಲ್ಲೇ ಶಹಾಜಿ ಅಹಮದನಗರವನ್ನು ಬಿಟ್ಟು ಬಿಜಾಪುರವನ್ನು ಸೇರಿದನು. 1626ರಲ್ಲಿ ಅಂಬರನೂ 1627ರಲ್ಲಿ ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲಶಹನೂ ತೀರಿಕೊಂಡ ಮೇಲೆ ಅವನು ನಿಜಾಮಶಾಹಿಗೆ ಮರಳಿದನು.

ಆಗ ನಡೆದುದೇ ದೌಲತಾಬಾದಿನ ಘೋರ ಕೃತ್ಯ. 1629ರಲ್ಲಿ ಶಹಾಜಿಯ ಮಾವ, ಜೀಜಾಬಾಯಿಯ ತಂದೆ ಲಖೂಜಿ ಜಾಧವನನ್ನು ಅವನ ಮಕ್ಕಳೊಡನೆ ನಿಜಾಮಶಾಹಿ ಸುಲ್ತಾನನು ದರ್ಬಾರಿನಲ್ಲೇ ಕೊಲ್ಲಿಸಿದನು. ಲಖೂಜಿಯೂ ಹಿಂದೆ ಒಮ್ಮೆ ಮೊಗಲರನ್ನು ಸೇರಿ ಹಿಂದಿರುಗಿದವನೇ. ತನ್ನ ಮಾವನಿಗೇ ಉಳಿಗಾಲವಿಲ್ಲದ ದರ್ಬಾರಿನಲ್ಲಿ ಅಳಿಯನು ಹೇಗೆ ನಿಂತಾನು? 1630ರಲ್ಲಿ ಶಹಾಜಿ ಮೊಗಲರ ಕಡೆಗೆ ಹೋದನು. ಬಾದಶಹ ಶಹಾಜಹಾನನು ಅವನಿಗೆ ಐದು ಸಾವಿರದ ಮನ್ಸಬನ್ನು ಕೊಟ್ಟನು.

ಅದೂ ಬಹಳ ದಿನ ನಡೆಯಲಿಲ್ಲ. 1632ರಲ್ಲಿ, ಶಹಾಜಿಗೆ ಕೊಟ್ಟಿದ್ದ ಪ್ರದೇಶದಲ್ಲೇ ಕೆಲವು ಭಾಗವನ್ನು ಬಾದಶಹನು ಅಂಬರನ ಮಗ ಫತೇಖಾನನಿಗೆ ಕೊಟ್ಟುಬಿಟ್ಟನು. ಜಾಗೀರು ಹೋಯಿತು, ಸೇವೆಯೂ ಹೋಯಿತು. 1633ರಲ್ಲಿ ದೌಲತಾಬಾದ್ ಮೊಗಲರ ವಶವಾದಾಗ ಶಹಾಜಿ ಎಲ್ಲರೂ ಬೆರಗಾಗುವ ಕೆಲಸವೊಂದನ್ನು ಮಾಡಿದನು. ನಿಜಾಮಶಾಹಿ ಮನೆತನದ ಮುರ್ತಜಾ ಎಂಬ ಬಾಲಕನನ್ನು ಪೇಮಗಿರಿಯಲ್ಲಿ ಗದ್ದುಗೆಗೇರಿಸಿ, ಅವನ ಹೆಸರಿನಲ್ಲಿ ತಾನೇ ರಾಜ್ಯಭಾರ ನಡೆಸಿದನು. ಮೂರು ವರ್ಷ ಒಬ್ಬ ಸರದಾರನು ದಿಲ್ಲಿಯ ಬಾದಶಹನಿಗೆ ಎದುರು ನಿಂತನು.

ಕೊನೆಗೆ ಶಹಾಜಹಾನನೇ ದಖ್ಖನಿಗೆ ಬಂದನು. 1636ರಲ್ಲಿ ಅವನಿಗೂ ಬಿಜಾಪುರದ ಮಹಮ್ಮದ್ ಆದಿಲಶಹನಿಗೂ ಕರಾರಾಯಿತು. ನಿಜಾಮಶಾಹಿಯ ಸೀಮೆಯನ್ನು ಇಬ್ಬರೂ ಹಂಚಿಕೊಂಡರು. ಒಬ್ಬರ ಸರದಾರರನ್ನು ಮತ್ತೊಬ್ಬರು ಸೆಳೆದುಕೊಳ್ಳಬಾರದು. ತನ್ನ ಕೈಯಲ್ಲಿರುವ ಜುನ್ನರ್, ತ್ರಿಂಬಕ ಮೊದಲಾದ ಕೋಟೆಗಳನ್ನು ಒಪ್ಪಿಸದ ಹೊರತು ಶಹಾಜಿಗೆ ಬಿಜಾಪುರದಲ್ಲಿ ನೌಕರಿ ಇಲ್ಲ ಎಂದೂ ಬರೆಯಿಸಿದರು. ಮೊಗಲ ಸೇನಾನಿ ಖಾನ್ ಜಮಾನನೂ ಬಿಜಾಪುರದ ರಣದುಲ್ಲಾಖಾನನೂ ಮಾಹುಲಿಯನ್ನು ಮುತ್ತಿದರು. ಶಹಾಜಿ ಕೋಟೆಗಳನ್ನೂ ಬಾಲಕ ಮುರ್ತಜಾನನ್ನೂ ಒಪ್ಪಿಸಿ, ಆದಿಲಶಾಹಿ ಸೇವೆಗೆ ಸೇರಿದನು.

ಮೊಗಲರ ಸರಹದ್ದಿನಿಂದ ದೂರವಿಡಲು ಅವನನ್ನು ರಣದುಲ್ಲಾಖಾನನ ಜೊತೆಗೆ ಕರ್ನಾಟಕದ ದಂಡಯಾತ್ರೆಗೆ ಕಳುಹಿಸಲಾಯಿತು. 1638ರಲ್ಲಿ ಬೆಂಗಳೂರು ಕೆಂಪೇಗೌಡನ ಕೈತಪ್ಪಿತು. ಗೌಡನ ವಂಶ ಮಾಗಡಿಗೆ ಸರಿಯಿತು. ಬೆಂಗಳೂರು, ಹೊಸಕೋಟೆ, ಕೋಲಾರ, ದೊಡ್ಡಬಳ್ಳಾಪುರ, ಶಿರಾ ಸೀಮೆಗಳು ಶಹಾಜಿಯ ಜಾಗೀರಾದವು. ಅವನ ಆಸ್ಥಾನದ ಕವಿ ಜಯರಾಮ ಪಿಂಡ್ಯೆಯ ರಾಧಾಮಾಧವವಿಲಾಸ ಚಂಪುವಿನಲ್ಲಿ ಅನೇಕ ಭಾಷೆಗಳ ಪದ್ಯಗಳಿದ್ದು, ಅವುಗಳಲ್ಲಿ ಕನ್ನಡವೂ ಸೇರಿದೆ.

ಇಲ್ಲಿಯೂ ಅವನಿಗೆ ನೆಮ್ಮದಿ ಸಿಗಲಿಲ್ಲ. 1648ರ ಜುಲೈ ತಿಂಗಳಲ್ಲಿ, ಜಿಂಜಿಯ ಬಳಿ ಬೀಡುಬಿಟ್ಟಿದ್ದಾಗ, ಬಿಜಾಪುರದ ಸೇನಾಪತಿ ಮುಸ್ತಫಾಖಾನನು ಅವನನ್ನು ಸೆರೆಹಿಡಿಸಿದನು. ಹಿಡಿದವನು ಮುಧೋಳದ ಬಾಜಿ ಘೋರ್ಪಡೆ. ತಂದೆಯನ್ನು ಬಿಡಿಸಲು ಶಿವಾಜಿ ಮೊಗಲ ರಾಜಕುಮಾರ ಮುರಾದನಿಗೆ ಪತ್ರ ಬರೆದನು. ಕಡೆಗೆ ಶಿವಾಜಿ ಕೊಂಡಾಣ ಕೋಟೆಯನ್ನೂ, ಹಿರಿಯ ಮಗ ಸಂಭಾಜಿ ಬೆಂಗಳೂರನ್ನೂ ಒಪ್ಪಿಸುವುದೆಂದು ತೀರ್ಮಾನವಾಗಿ, 1649ರಲ್ಲಿ ಶಹಾಜಿಗೆ ಬಿಡುಗಡೆಯಾಯಿತು.

ಈಗ ಲೆಕ್ಕ ನೋಡೋಣ. 1636ಕ್ಕೆ ಮುಂಚಿನ ಸುಮಾರು ಹನ್ನೆರಡು ವರ್ಷಗಳಲ್ಲಿ ಶಹಾಜಿ ಐದು ಸಲ ಪಕ್ಷ ಬದಲಿಸಿದನು. ಆಮೇಲಿನ 28 ವರ್ಷ, ಸೆರೆವಾಸದ ಅಪಮಾನವಾದರೂ, ಮಗನು ಅದೇ ಬಿಜಾಪುರದ ಮೇಲೆ ಕತ್ತಿ ಎತ್ತಿದರೂ, ಒಮ್ಮೆಯೂ ಬದಲಿಸಲಿಲ್ಲ. ಮನುಷ್ಯ ಅವನೇ; ಬದಲಾದದ್ದು ಪರಿಸ್ಥಿತಿ. ಮೂವರು ದೊರೆಗಳು ಸರದಾರರಿಗಾಗಿ ಪೈಪೋಟಿ ನಡೆಸಿದಾಗ ಬಾಗಿಲುಗಳು ತೆರೆದಿದ್ದವು. ಮೂವರಲ್ಲಿ ಒಬ್ಬನು ಅಳಿದು, ಉಳಿದಿಬ್ಬರು ಕರಾರು ಮಾಡಿಕೊಂಡಾಗ ಬಾಗಿಲುಗಳು ಮುಚ್ಚಿದವು. ಜೊತೆಗೆ, ಬೆಂಗಳೂರಿನಂಥ ಸಂಪನ್ನ ಜಾಗೀರೂ ದೂರದ ಬಿಜಾಪುರದ ಸಡಿಲ ಹಿಡಿತವೂ ಅವನಿಗೆ ಬಹುಮಟ್ಟಿಗೆ ಸ್ವತಂತ್ರ ಬಾಳನ್ನು ಕೊಟ್ಟಿದ್ದವು.

ಇದು ನಮ್ಮ ದೇಶದ ಮಾತು ಮಾತ್ರವಲ್ಲ. ಹನ್ನೊಂದನೆಯ ಶತಮಾನದ ಸ್ಪೇನಿನ ವೀರ ರೊಡ್ರಿಗೊ ದಿಯಾಸನು ಕ್ಯಾಸ್ಟೀಲಿನ ದೊರೆ ಸಾಂಚೋನ ಸೇವೆಯಲ್ಲಿದ್ದು, ಅವನು ಹತನಾದ ಮೇಲೆ ಅವನ ಪ್ರತಿಸ್ಪರ್ಧಿಯಾಗಿದ್ದ ತಮ್ಮ ಆಲ್ಫೊನ್ಸೋನನ್ನು ಸೇರಿದನು. ಗಡೀಪಾರಾದಾಗ ಸರಗೋಸದ ಮುಸಲ್ಮಾನ ದೊರೆಯ ಪರವಾಗಿ ಹೋರಾಡಿದನು. 1094ರಲ್ಲಿ ವೆಲೆನ್ಸಿಯಾ ನಗರವನ್ನು ತಾನೇ ಗೆದ್ದು ಆಳಿದನು. ಆ ನಾಡಿನ ಜನ ಅವನನ್ನು ದ್ರೋಹಿಯೆನ್ನದೆ, ಒಡೆಯನೆಂಬರ್ಥದ ಅರಬ್ಬಿ ಮಾತಿನಿಂದ ಬಂದ ‘ಸಿದ್’ ಎಂಬ ಹೆಸರಿನಿಂದ ಇಂದಿಗೂ ಹಾಡುತ್ತಾರೆ.

ಹಾಗೆಂದು ಶಹಾಜಿಯ ನಡೆಯನ್ನೆಲ್ಲ ಹೊಗಳಬೇಕಾಗಿಲ್ಲ. ದೊರೆಗಳು ಪಕ್ಷ ಬದಲಿಸಿದಾಗಲೆಲ್ಲ ಪುಣೆ ಸೀಮೆಯ ರೈತರು ದಂಡಿನ ಕಾಲ್ತುಳಿತಕ್ಕೆ ಸಿಕ್ಕರು. ಮಾಹುಲಿಯಲ್ಲಿ ಮೊಗಲರ ಕೈಸೇರಿದ ಬಾಲಕ ಮುರ್ತಜಾನ ಪಾಡನ್ನೂ ಮರೆಯಬಾರದು. ಒಡೆಯನು ಆಳನ್ನು ಕಾಯದಿದ್ದರೆ ಆಳಿನ ನಿಷ್ಠೆಯನ್ನು ಮಾತ್ರ ತೂಗುವುದು ನ್ಯಾಯವಲ್ಲ ಎಂಬಷ್ಟೇ ನಮ್ಮ ಅಭಿಪ್ರಾಯ.

1664ರ ಜನವರಿಯಲ್ಲಿ, ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯ ಬಳಿ ಬೇಟೆಯಾಡುತ್ತಿದ್ದಾಗ ಕುದುರೆಯಿಂದ ಬಿದ್ದು ಶಹಾಜಿ ಮೃತನಾದನು. ಅವನ ಮಗ ಏಕೋಜಿ ಮುಂದೆ ತಂಜಾವೂರಿನ ಅರಸನಾದನು. ಬೆಂಗಳೂರು 1687ರಲ್ಲಿ ಮೊಗಲರ ಕೈಸೇರಿ, ಅವರಿಂದ ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ ಬಂದಿತು. ಶಹಾಜಿಯ ಸಮಾಧಿ ಹೊದಿಗೆರೆಯಲ್ಲಿದೆ. ರಜೆಯಲ್ಲಿ ಊರಿಗೆ ಹೋಗುವ ವಾಚಕರು ದಾವಣಗೆರೆಯ ಕಡೆ ಪ್ರಯಾಣ ಮಾಡಿದಾಗ ಅದನ್ನು ನೋಡಿ ಬರಬಹುದು.