ಕೊಟ್ಟವರಿಗೆ ಏನು ಸಿಗುತ್ತದೆ?

ಭಟ್ಕಳ, ಹೊನ್ನಾವರ, ಕುಮಟಾಗಳಲ್ಲಿ ವಂತಿಗೆ ಎತ್ತದ ತಿಂಗಳಿಲ್ಲ. ದೇವಸ್ಥಾನದ ಜೀರ್ಣೋದ್ಧಾರ, ಮಸೀದಿ, ಶಾಲೆಯ ಕಟ್ಟಡ, ಮಣಿಪಾಲದ ಆಸ್ಪತ್ರೆಯಲ್ಲಿ ಮಲಗಿದವರ ಬಿಲ್ಲು, ಹೀಗೆ ಒಂದಲ್ಲ ಒಂದು ಕಾರಣ ಇದ್ದೇ ಇರುತ್ತದೆ. ಜನ ಕೊಡುತ್ತಲೂ ಇರುತ್ತಾರೆ. ಆದರೆ ಕೊಟ್ಟವರ ಮನಸ್ಸಿಗೆ ಏನಾಗುತ್ತದೆ ಎಂಬ ಬಗ್ಗೆ ನಾವು ನಂಬಿಕೊಂಡು ಬಂದ ಹಲವು ಮಾತು ಸರಿಯಿಲ್ಲ. ಆ ನಂಬಿಕೆಗಳಿಂದ ಕೊಡುವ ಮನಸ್ಸಿದ್ದವರೂ ಹಿಂಜರಿಯುತ್ತಾರೆ ಎಂಬುದೇ ನನ್ನ ಚಿಂತೆ.

“ದೊಡ್ಡ ಮೊತ್ತ ಕೊಟ್ಟವರಿಗೇ ದೊಡ್ಡ ತೃಪ್ತಿ.” ಮುರ್ಡೇಶ್ವರದಲ್ಲಿ ಆರ್.ಎನ್. ಶೆಟ್ಟರು ಕಟ್ಟಿಸಿದ 20 ಅಂತಸ್ತಿನ ರಾಜಗೋಪುರದ ಎದುರು, ಕುಮಟಾದಲ್ಲಿ ಮುಂಬೈಯ ಶಸ್ತ್ರವೈದ್ಯ ಡಾ. ಎ.ವಿ. ಬಾಳಿಗಾ ಅವರ ಹೆಸರು ಹೊತ್ತ ಕಾಲೇಜಿನ ಎದುರು ನಿಂತಾಗ ಹೀಗನ್ನಿಸುವುದು ಸಹಜ. 2008ರಲ್ಲಿ ಎಲಿಜಬೆತ್ ಡನ್, ಲಾರಾ ಆಕ್ನಿನ್, ಮೈಕೆಲ್ ನಾರ್ಟನ್ ಎಂಬ ಸಂಶೋಧಕರು ಇದನ್ನು ಪರೀಕ್ಷೆಗೆ ಒಡ್ಡಿದರು. ಬೆಳಿಗ್ಗೆ ಒಬ್ಬೊಬ್ಬರ ಕೈಗೆ 5 ಅಥವಾ 20 ಡಾಲರಿನ ಲಕೋಟೆ ಕೊಟ್ಟು, ಕೆಲವರಿಗೆ ತಮಗಾಗಿಯೂ ಉಳಿದವರಿಗೆ ಬೇರೆಯವರಿಗಾಗಿಯೂ ಸಂಜೆಯೊಳಗೆ ಖರ್ಚು ಮಾಡಲು ಹೇಳಿದರು. ಸಂಜೆ ವಿಚಾರಿಸಿದಾಗ ಬೇರೆಯವರಿಗಾಗಿ ಖರ್ಚು ಮಾಡಿದವರೇ ಹೆಚ್ಚು ಖುಷಿಯಲ್ಲಿದ್ದರು. ಮೊತ್ತ 5 ಇದ್ದರೂ 20 ಇದ್ದರೂ ಅದರಿಂದ ವ್ಯತ್ಯಾಸವಾಗಲಿಲ್ಲ. ಫಲಿತಾಂಶ ಊಹಿಸಿ ಎಂದು ಕೇಳಿದ್ದ ಬೇರೊಂದು ಗುಂಪಿನ ಹೆಚ್ಚಿನವರು ಇದಕ್ಕೆ ತದ್ವಿರುದ್ಧ ಹೇಳಿದ್ದರು. ನಮಗೆ ಯಾವುದು ಸಂತೋಷ ಕೊಡುತ್ತದೆ ಎಂಬುದೇ ನಮಗೆ ಸರಿಯಾಗಿ ತಿಳಿದಿರುವುದಿಲ್ಲ.

ಈ ಬಗೆಯ ಎಲ್ಲ ಪ್ರಯೋಗಗಳೂ ಒಂದೇ ಫಲ ಕೊಟ್ಟಿಲ್ಲ. 2020ರಲ್ಲಿ ದೊಡ್ಡ ಪ್ರಮಾಣದಲ್ಲಿ ಮತ್ತೆ ಪರೀಕ್ಷಿಸಿದಾಗ, ಆಗಲೇ ಕೊಟ್ಟವರಲ್ಲಿ ಸಂತೋಷ ಸ್ಪಷ್ಟವಾಗಿ ಕಂಡಿತು. ಹಿಂದೆಂದೋ ಕೊಟ್ಟದ್ದನ್ನು ನೆನಪಿಸಿಕೊಂಡವರಲ್ಲಿ ಅದು ಅಷ್ಟಕ್ಕಷ್ಟೇ.

“ಕೊಟ್ಟ ಮೇಲೆ ಎಲ್ಲಿ ಹೋಯಿತೆಂದು ಕೇಳಬಾರದು.” ಇದನ್ನು ನಾವು ಸಂಸ್ಕಾರ ಎಂದೇ ತಿಳಿದಿದ್ದೇವೆ. ನನ್ನ ಪ್ರಕಾರ ಹೆಚ್ಚು ಹಾನಿ ಮಾಡಿರುವ ನಂಬಿಕೆ ಇದೇ. ಕೊಟ್ಟದ್ದು ಏನಾಯಿತು ಎಂದು ಕಂಡಾಗಲೇ ತೃಪ್ತಿ ಗಟ್ಟಿಯಾಗುತ್ತದೆ. ಎರಡು ಸಂಸ್ಥೆಗಳಿಗೆ ಕೊಟ್ಟವರನ್ನು ಹೋಲಿಸಿದ ಒಂದು ಅಧ್ಯಯನದಲ್ಲಿ, ಮಕ್ಕಳ ಕಲ್ಯಾಣವೆಂಬ ವಿಶಾಲ ಉದ್ದೇಶಕ್ಕೆ ಕೊಟ್ಟವರಿಗಿಂತ, ನಿಮ್ಮ ಹಣದಲ್ಲಿ ಮಲೇರಿಯಾ ತಡೆಯುವ ಸೊಳ್ಳೆಪರದೆ ಕೊಳ್ಳುತ್ತೇವೆ ಎಂದು ತಿಳಿಸಿದ ಸಂಸ್ಥೆಗೆ ಕೊಟ್ಟವರಲ್ಲಿ ಈ ಸಂತೋಷ ಎದ್ದು ಕಂಡಿತು.

ನಮ್ಮ ಹಿರಿಯರಿಗೆ ಇದು ಪ್ರಯೋಗವಿಲ್ಲದೆಯೇ ಗೊತ್ತಿತ್ತು. ಹರಕೆ ಆಟವನ್ನೇ ನೋಡಿ. ಯಕ್ಷಗಾನದ ಖರ್ಚು ಒಂದು ಮನೆಯದು, ನೋಡುವುದು ಇಡೀ ಊರು. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳ ಕಟ್ಟಿದ ಹೊನ್ನಾವರದ ನೆಲದಲ್ಲಿ ಇದನ್ನು ವಿವರಿಸಿ ಹೇಳಬೇಕಿಲ್ಲ. ಆಟ ಆಡಿಸಿದವರು ಚೌಕಿಯ ಪೂಜೆಯಿಂದ ಮಂಗಳದವರೆಗೆ ಜನರ ನಡುವೆಯೇ ಕುಳಿತು, ತಾವು ಕೊಟ್ಟದ್ದು ಮಕ್ಕಳ ಕಣ್ಣಲ್ಲಿ, ಮುದುಕರ ತಲೆದೂಗಿನಲ್ಲಿ ಏನಾಗುತ್ತಿದೆ ಎಂದು ನೋಡುತ್ತಾರೆ. ಭಟ್ಕಳದಲ್ಲಿ 1919ರಲ್ಲಿ ಶುರುವಾದ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ ಸಂಸ್ಥೆ ಇಂಜಿನಿಯರಿಂಗ್ ಕಾಲೇಜಿನವರೆಗೆ ಬೆಳೆದದ್ದರಲ್ಲಿ ಊರು ಬಿಟ್ಟು ದುಡಿಯಲು ಹೋದವರ ಹಣವೂ ಇದೆ. ದುಬೈಯಿಂದ ಕಳಿಸಿದ ದುಡ್ಡು ತಮ್ಮೂರಲ್ಲಿ ಯಾವ ಕೋಣೆಯಾಯಿತು, ಅಲ್ಲಿ ಯಾರ ಮಗಳು ಓದುತ್ತಿದ್ದಾಳೆ ಎಂದು ರಜೆಯಲ್ಲಿ ಬಂದಾಗ ಕಣ್ಣಾರೆ ಕಾಣುವುದು ಅಹಂಕಾರವಲ್ಲ. ವಂತಿಗೆ ಎತ್ತುವವರು ರಸೀದಿ ಹರಿದುಕೊಟ್ಟು ಸುಮ್ಮನಾಗಬಾರದು. ಆಮೇಲೆ ಏನಾಯಿತೆಂದು ಬಂದು ಹೇಳಬೇಕು.

“ಸಂತೋಷಪಟ್ಟರೆ ಅದು ಸ್ವಾರ್ಥ.” ಎರಡು ವರ್ಷ ತುಂಬದ ಮಕ್ಕಳನ್ನು 2012ರ ಒಂದು ಅಧ್ಯಯನದಲ್ಲಿ ಗಮನಿಸಲಾಯಿತು. ತಿಂಡಿ ತಮಗೆ ಸಿಕ್ಕಾಗಿನದಕ್ಕಿಂತ ಕೈಗೊಂಬೆಗೆ ಕೊಟ್ಟಾಗ ಅವರ ಮುಖ ಹೆಚ್ಚು ಅರಳಿತು. ಅದರಲ್ಲೂ ತಮ್ಮ ಪಾಲಿನದನ್ನೇ ತೆಗೆದು ಕೊಟ್ಟಾಗ ಇನ್ನಷ್ಟು. ಆ ಕೂಸುಗಳಿಗೆ ಪುಣ್ಯದ ಲೆಕ್ಕ ಗೊತ್ತಿಲ್ಲ, ಹೊಗಳಿಕೆಯ ಆಸೆಯೂ ಇಲ್ಲ.

“ಕಡ್ಡಾಯ ಮಾಡದಿದ್ದರೆ ಯಾರೂ ಕೊಡುವುದಿಲ್ಲ.” ಮನೆಗಿಷ್ಟು ಎಂದು ಗೊತ್ತು ಮಾಡಿ, ಕೊಡದವರ ಹೆಸರು ಸಭೆಯಲ್ಲಿ ಓದುವ ಕಡೆಗಳಿವೆ. ಹಣ ಬರುತ್ತದೆ, ತೃಪ್ತಿ ಸೊರಗುತ್ತದೆ. 2007ರಲ್ಲಿ ಅಮೆರಿಕದಲ್ಲಿ ಮಿದುಳಿನ ಚಿತ್ರ ತೆಗೆದು ನೋಡಿದಾಗ, ತೆರಿಗೆಯಂತೆ ಕಡಿತವಾದ ಹಣ ಅನ್ನದಾನಕ್ಕೆ ಹೋದಾಗಲೂ ಸುಖದ ಕೇಂದ್ರಗಳು ಸ್ವಲ್ಪ ಮಿಡಿದಿದ್ದವು. ತಾವಾಗಿ ಕೊಟ್ಟಾಗ ಹೆಚ್ಚು. ಜಕಾತ್ ನಿಯಮವಲ್ಲವೇ ಎಂದು ಕೇಳಬಹುದು. ನಿಯಮವೇ ಹೌದು, ಆದರೆ ಅದನ್ನು ತನ್ನದೆಂದು ಒಪ್ಪಿ ಕೊಡುವವರಿಗೆ ಅದು ಹೇರಿಕೆಯಲ್ಲ. ಬೇಕಾಗಿರುವುದು ಆ ಒಪ್ಪಿಗೆ.

ಕೊನೆಯದು ರಕ್ತದ ವಿಷಯ. “ದುಡ್ಡು ಕೊಟ್ಟರೆ ಜನ ಬರುತ್ತಾರೆ” ಎನ್ನುವವರಿದ್ದಾರೆ. ಸ್ವೀಡನ್ನಿನಲ್ಲಿ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹಣದ ಆಮಿಷ ಒಡ್ಡಿದಾಗ ರಕ್ತದಾನಿಗಳಾಗಲು ಮುಂದೆ ಬಂದ ಮಹಿಳೆಯರು ಶೇ. 52ರಿಂದ ಶೇ. 30ಕ್ಕೆ ಇಳಿದರು. ಆ ಹಣವನ್ನು ಸೇವಾಸಂಸ್ಥೆಗೆ ಕೊಡಬಹುದು ಎಂದಾಗ ಆ ಇಳಿಕೆ ಮಾಯವಾಯಿತು. ನಮ್ಮಲ್ಲಂತೂ ಹಣ ಪಡೆದು ರಕ್ತ ಕೊಡುವುದು 1998ರ ಜನವರಿ 1ರಿಂದ ನಿಷಿದ್ಧ. ಗಂಭೀರ ಕಾಯಿಲೆಯಾದರೆ ಮಣಿಪಾಲಕ್ಕೋ ಮಂಗಳೂರಿಗೋ ಓಡುವ ನಮ್ಮ ತಾಲೂಕುಗಳಲ್ಲಿ ಇನ್ನೊಂದು ಅಂಜಿಕೆಯೂ ಇದೆ, ರಕ್ತ ಕೊಟ್ಟರೆ ನಿಶ್ಶಕ್ತಿ ಬರುತ್ತದೆಂದು. ಒಮ್ಮೆಗೆ ತೆಗೆಯುವುದು 350 ಅಥವಾ 450 ಮಿಲಿಲೀಟರ್. ಅದರ ದ್ರವಾಂಶ ಒಂದೆರಡು ದಿನದಲ್ಲಿ, ಕೆಂಪುಕಣಗಳು ಕೆಲವು ವಾರಗಳಲ್ಲಿ ತುಂಬಿಕೊಳ್ಳುತ್ತವೆ. 18 ತುಂಬಿದ, 45 ಕಿಲೋಗಿಂತ ಕಡಿಮೆಯಿಲ್ಲದ, ಹಿಮೋಗ್ಲೋಬಿನ್ ಕನಿಷ್ಠ 12.5 ಇರುವ ಆರೋಗ್ಯವಂತ ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು.